ಗದಗ ರಸ್ತೆದಾಗ ಮೈಲೇಜ್ ಹೆಚ್ಚಾಗಿದ್ದು ಪ್ರೀಮಿಯಂ ಪೆಟ್ರೋಲಿನಿಂದನಾ?

ಪ್ರಶ್ನೆ: ನಮಸ್ಕಾರ್ರಿ ಸರ್. ಗದಗದಾಗ ನಮ್ಮದು ಬೀಜ-ಗೊಬ್ಬರದ ಅಂಗಡಿ ಐತಿ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಆಡಿ ಎ4 ತಗೊಂಡೆ, 2018ರ ಮಾಡೆಲ್, 1.4 ಟರ್ಬೊ ಪೆಟ್ರೋಲ್, 61 ಸಾವಿರ ಓಡೈತಿ. ಇಷ್ಟು ದಿನ ಸಾದಾ ಪೆಟ್ರೋಲೇ ಹಾಕಸ್ತಿದ್ದೆ. ಮೊನ್ನೆ ಆಷಾಢದಾಗ ಒಂದಿನ ಮುಂಜಾನೆ ಗದಗದಿಂದ ಹುಬ್ಬಳ್ಳಿಗೆ ಹೋದಾಗ ಮೀಟರ್‌ನ್ಯಾಗ 12.9 ಮೈಲೇಜ್ ತೋರಸ್ತು. ಸಂಜೀಕ ವಾಪಸ್ ಬರೂವಾಗ ಗದಗ ರೋಡಿಗೆ ಇರೋ ಬಂಕಿನ್ಯಾಗ 95 ಆಕ್ಟೇನಿನ ಪ್ರೀಮಿಯಂ 2,000 ರೂಪಾಯಿದು ಹಾಕಿಸಿದೆ, ಟ್ಯಾಂಕ್ ಆಗಲೇ ಅರ್ಧ ಇತ್ತು. ಮೀಟರ್ ಅಲ್ಲೇ ಝೀರೊ ಮಾಡಿ ಬಂದ್ರ ಗದಗಕ್ಕ ಮುಟ್ಟೂದ್ರಾಗ 15.8! ಸಾದಾ ಲೀಟರಿಗೆ 103 ರೂಪಾಯಿ ಇತ್ತು, ಇದು 110. ನಮ್ಮ ಅಳಿಯ "ಮಾವಾರ, ಇಂಥಾ ಗಾಡಿಗೆ ಸಾದಾ ಹಾಕಿದ್ರ ಇಂಜಿನ್ ಹೋಗ್ತೈತಿ, ಎಥನಾಲ್ ಬ್ಯಾರೆ ಇರ್ತೈತಿ" ಅಂತಾನ. ನಮ್ಮ ಮೆಕ್ಯಾನಿಕ್ "ಎಲ್ಲಾ ಒಂದೇ ಸಾಹೇಬ್ರ, ರೊಕ್ಕ ಯಾಕ ಸುರೀತೀರಿ" ಅಂತಾನ. ತಿಂಗಳಿಗೆ 1,500 ಕಿಲೋಮೀಟರ್ ಓಡಾಟ ಐತಿ. ಯಾರ ಮಾತು ಕೇಳ್ಲಿ?

ಉತ್ತರ: ನಮಸ್ಕಾರ್ರಿ. ಇಷ್ಟು ಬಿಡಿಸಿ ಬರದೀರಲ್ಲ, ಅದಕ್ಕ ನನ್ನ ಕೆಲಸ ಅರ್ಧ ಆತು. ಬಹಳ ಮಂದಿ "ಸರ್ ಪ್ರೀಮಿಯಂ ಹಾಕಸ್ಲೇನು" ಅಂತ ಒಂದ ಸಾಲು ಕಳಸ್ತಾರ, ಗಾಡಿ ಯಾವ್ದು, ಎಲ್ಲಿ ಓಡ್ತೈತಿ, ಯಾವುದೂ ಇರೂದಿಲ್ಲ. ನೀವು ರಸ್ತೆ, ಹೊತ್ತು, ಟ್ಯಾಂಕಿನ್ಯಾಗ ಎಷ್ಟಿತ್ತು ಅನ್ನೂದು ಎಲ್ಲಾ ಬರದೀರಿ, ಉತ್ತರ ಅದರಾಗ ಐತಿ.

ನಿಮ್ಮ ಮೈಲೇಜ್ ಹೆಚ್ಚಾಗಿದ್ದು ಖರೇ. ಆದ್ರ ಅದನ್ನ ಹೆಚ್ಚು ಮಾಡಿದ್ದು ಪೆಟ್ರೋಲ್ ಅಲ್ಲ, ಗಾಳಿ.

ನೀವು ಹೋಗಿದ್ದು ಆಷಾಢದಾಗ. ಆಷಾಢದ ಗಾಳಿ ಅಂದ್ರ ನಮ್ಮ ಕಡೆ ಏನಂತ ನಿಮಗ ನಾ ಹೇಳಬೇಕಾಗಿಲ್ಲ, ಗದಗ ಜಿಲ್ಲೆದಾಗ ಅಷ್ಟು ಗಾಳಿ ಫ್ಯಾನ್ ನಿಂತಿದ್ದು ಅದಕ್ಕ. ಆ ಗಾಳಿ ಬೀಸೂದು ಪಡುವಣದಿಂದ. ಗದಗದಿಂದ ಹುಬ್ಬಳ್ಳಿಗೆ ಹೊಂಟ್ರ ನಿಮ್ಮ ಗಾಡಿ ಮಾರಿ ಪಡುವಣಕ್ಕ, ಅಂದ್ರ ಗಾಳಿ ನೇರ ಎದಿಗೆ. ಹುಲಕೋಟಿ ದಾಟಿ ಅಣ್ಣಿಗೇರಿ ಕಡೆ ಬಂದ್ರ ಎರಡೂ ಕಡೆ ಎರಿ ಹೊಲ, ಗಾಳಿ ತಡಿಯಾಕ ಒಂದು ಗಿಡ ಇಲ್ಲ. ವಾಪಸ್ ಬರೂವಾಗ ಅದೇ ಗಾಳಿ ಬೆನ್ನಿಗೆ ಬಂದು ಗಾಡಿ ತಾನ ನೂಕ್ತೈತಿ. ಲೆಕ್ಕ ಹಾಕಿ ನೋಡ್ರಿ: ನೀವು 90ರಾಗ ಹೊಂಟೀರಿ, ಗಾಳಿ 25ರ ವೇಗದಾಗ ಐತಿ ಅಂದ್ರ ಎದುರು ಗಾಳಿದಾಗ ಗಾಡಿಗೆ 115 ಅನ್ನಸ್ತೈತಿ, ಹಿಂದಿನಿಂದ ಇದ್ರ 65. ಗಾಳಿ ತಡೆ ವೇಗದ ವರ್ಗದ ಲೆಕ್ಕದಾಗ ಏರ್ತೈತಿ, ಹಂಗಾಗಿ ಎದುರಿಗಿದ್ದಾಗ ಗಾಳಿ ಇಲ್ಲದ ದಿನಕ್ಕಿಂತ ಒಂದೂವರಿ ಪಟ್ಟಿಗೂ ಜಾಸ್ತಿ ತಡೆ, ಬೆನ್ನಿಗಿದ್ದಾಗ ಹತ್ರ ಹತ್ರ ಅರ್ಧ. ಹೈವೇದಾಗ 90ರ ಮ್ಯಾಲೆ ಪೆಟ್ರೋಲ್ ಹೆಚ್ಚಿಗೆ ಹೋಗೂದ ಈ ಗಾಳಿ ಸೀಳೂದ್ರಾಗ.

ಇದನ್ನ ನಾ ಬಾಯಿಮಾತಿಗೆ ಹೇಳಾಕತ್ತಿಲ್ಲ. ಹುಬ್ಬಳ್ಳಿ ಗೋಕುಲ ರೋಡಿನ್ಯಾಗ ಗ್ಯಾರೇಜ್ ಇಟ್ಟು 22 ವರ್ಷ ಆತು. ಇಂಥಾದ್ದ ಒಂದು ಕಂಪ್ಲೇಂಟ್ ಬಂದಾಗ ಒಂದು ಗಾಡಿ ತಗೊಂಡು ಒಂದೇ ಟ್ಯಾಂಕ್ ಸಾದಾ ಪೆಟ್ರೋಲಿನ್ಯಾಗ ಗದಗಕ್ಕ ಹೋಗಿ, ಚಾ ಕುಡುದು, ಹೊಳ್ಳಿ ಬಂದೆ. ಹೋಗೂವಾಗ 16.1, ಬರೂವಾಗ 13.4. ಪೆಟ್ರೋಲ್ ಅದ, ಡ್ರೈವರ್ ಅವ್ನ, ದಿನ ಅದ.

ಇನ್ನೂ ಎರಡು ಅದಾವ. ಮುಂಜಾನೆ ನೀವು ತಣ್ಣಗಿರೋ ಇಂಜಿನ್ ಚಾಲೂ ಮಾಡಿ ಹೊಂಟೀರಿ, ಇಂಜಿನ್ ಕಾಯೂತನಕ ಪೆಟ್ರೋಲ್ ಜಾಸ್ತಿ ತಗೋತೈತಿ, ಆಮ್ಯಾಲೆ ಹುಬ್ಬಳ್ಳಿ ಊರಾಗಿನ ಟ್ರಾಫಿಕ್ಕೂ ಅದೇ ರೀಡಿಂಗಿನ್ಯಾಗ ಸೇರೈತಿ. ಸಂಜೀಕ ಮೀಟರ್ ಝೀರೊ ಮಾಡಿದ್ದು ಗದಗ ರೋಡಿನ ಬಂಕಿನ್ಯಾಗ, ಅಂದ್ರ ಊರಾಗಿನ ಸಿಗ್ನಲ್ಲು, ಜಾಮು ಯಾವುದೂ ಲೆಕ್ಕಕ್ಕ ಬರಲೇ ಇಲ್ಲ, ಇಂಜಿನ್ ಬ್ಯಾರೆ ಕಾದಿತ್ತು. ಅದಕ್ಕಿಂತ ಮುಖ್ಯ ಏನಂದ್ರ 2,000 ರೂಪಾಯಿಗೆ ಬಂದಿದ್ದು 18 ಲೀಟರ್ ಪ್ರೀಮಿಯಂ, ಅದು ಅರ್ಧ ಟ್ಯಾಂಕ್ ಸಾದಾದ ಮ್ಯಾಲೆ ಬಿತ್ತು. ನೀವು ಓಡಿಸಿದ್ದು ಪ್ರೀಮಿಯಂನ್ಯಾಗ ಅಲ್ಲ, ಎರಡರ ಮಿಶ್ರಣದಾಗ.

ಈಗ ಅಳಿಯನ ಮಾತಿಗೆ ಬರೋಣ. ಅದಕ್ಕ ಮೊದಲು ಆಕ್ಟೇನ್ ಅಂದ್ರೇನು ಅಂತ ಸ್ವಲ್ಪ ತಿಳ್ಕೊಬೇಕು, ಇಲ್ಲಾಂದ್ರ ಈ ಜಗಳ ಮುಗಿಯೂದಿಲ್ಲ.

ಆಕ್ಟೇನ್ ನಂಬರ್ ಪೆಟ್ರೋಲಿನ ಶಕ್ತಿ ಅಳಿಯೂದಿಲ್ಲ. ಅದು ಪೆಟ್ರೋಲಿನ ತಾಳ್ಮಿ ಅಂತ ತಿಳ್ಕೊಳ್ರಿ. ಸಿಲಿಂಡರಿನ್ಯಾಗ ಗಾಳಿ-ಪೆಟ್ರೋಲ್ ಒತ್ತಿ ಬಿಸಿ ಆದಾಗ, ಪ್ಲಗ್ಗಿನ ಕಿಡಿಯಿಂದ ಶುರು ಆದ ಉರಿ ಹಬ್ಬೂದಕ್ಕ ಮೊದಲ ಮೂಲ್ಯಾಗ ಉಳಿದದ್ದು ತಾನ ಭಗ್ ಅಂತ ಹತ್ತಿದ್ರ ಅದಕ್ಕ ನಾಕಿಂಗ್ ಅಂತಾರ. ಹಳೇ ಗಾಡ್ಯಾಗ ಏರಿ ಹತ್ತೂವಾಗ ಟಕಟಕಟಕ ಅಂತ ಡಬ್ಬಿದಾಗ ಹಳ್ಳು ಹಾಕಿ ಅಲಗಾಡಿಸಿದಂಗ ಸಪ್ಪಳ ಬರ್ತಿತ್ತಲ್ಲ, ಅದೇ. ಆಕ್ಟೇನ್ ಜಾಸ್ತಿ ಇದ್ದಷ್ಟು ಪೆಟ್ರೋಲ್ ತಾನ ಹತ್ತದ ಕಿಡಿಯಿಂದ ಹೊಂಟ ಉರಿ ತನ್ನ ಹತ್ರ ಬರೂತನಕ ಕಾಯ್ತೈತಿ. ನಾಕಿಂಗ್ ಆಗದ ಇಂಜಿನ್ನಿಗೆ 100 ಆಕ್ಟೇನ್ ಹಾಕಿದ್ರೂ ಅದು ಒಂದು ಕುದುರಿ ಬಲ ಹೆಚ್ಚಿಗೆ ಕೊಡೂದಿಲ್ಲ. ಸಾದಾಕ್ಕಿಂತ ಒಂದೂವರಿ ಪಟ್ಟು ರೇಟಿನ 100ರ ಪೆಟ್ರೋಲ್ ನಿಮ್ಮಂಥ ಕಂಪನಿ ಟ್ಯೂನಿಂಗಿನ ಗಾಡಿಗೆ ಬೇಡೇ ಬೇಡ.

ಇಲ್ಲೊಂದು ಗೊಂದಲ ಯೂಟ್ಯೂಬಿನಿಂದ ಬರ್ತೈತಿ. ಅಮೆರಿಕದವ್ರು ವಿಡಿಯೋದಾಗ 87 ಸಾದಾ, 91-93 ಪ್ರೀಮಿಯಂ ಅಂತಾರ. ಅದನ್ನ ನೋಡಿ ನಮ್ಮವ್ರು "ನಮ್ಮ ಸಾದಾನೇ 91, ಅಲ್ಲಿ ಅದು ಪ್ರೀಮಿಯಂ, ಹಂಗಾದ್ರ ನಮ್ಗ ಏನೂ ಬ್ಯಾಡ" ಅಂತಾರ. ಅಳತಿ ಬ್ಯಾರೆ ಐತ್ರಿ. ನಮ್ಮಲ್ಲಿ ರಾನ್ ಅಂತ ಅಳೀತಾರ, ಅವ್ರು ರಾನ್ ಮತ್ತ ಮಾನ್ ಅನ್ನೂ ಎರಡು ಅಳತಿ ಕೂಡಿಸಿ ಅರ್ಧ ಮಾಡ್ತಾರ. ಅವರ 87 ಹತ್ರ ಹತ್ರ ನಮ್ಮ 91, ಅವರ 91 ಅಂದ್ರ ನಮ್ಮ 95ರ ಸುಮಾರು. ಹಂಗಾಗಿ ಅಲ್ಲಿನ ನಂಬರ್ ಇಲ್ಲಿ ಹಚ್ಚಬ್ಯಾಡ್ರಿ.

ನಿಮ್ಮ ಗಾಡಿ ಟರ್ಬೊ. ಟರ್ಬೊ ಗಾಳಿನ ಒತ್ತಿ ಒಳಗ ತುಂಬ್ತೈತಿ, ಅದಕ್ಕ ಬರೇ 1.4 ಲೀಟರಿನ್ಯಾಗ ಅಷ್ಟು ಪಿಕಪ್. ಒತ್ತಡ ಜಾಸ್ತಿ ಅಂದ್ರ ನಾಕಿಂಗ್ ಭಯಾನೂ ಜಾಸ್ತಿ. ಆದ್ರ ಇಂಜಿನ್ ಬ್ಲಾಕಿಗೆ ನಾಕ್ ಸೆನ್ಸರ್ ಇರ್ತೈತಿ, ಡಾಕ್ಟರ್ ಸ್ಟೆತಸ್ಕೋಪ್ ಇಟ್ಟಂಗ ಅದು ಯಾವಾಗಲೂ ಕಿವಿ ಕೊಟ್ಟಿರ್ತೈತಿ. ನಿಮ್ಮ ಕಿವಿಗೆ ಕೇಳೂದ್ರೊಳಗ ಅದಕ್ಕ ಕೇಳಿ, ಇಸಿಯು, ಅಂದ್ರ ಇಂಜಿನ್ ನಡಸೂ ಕಂಪ್ಯೂಟರ್, ಕಿಡಿ ಹಾರಿಸೂ ಟೈಮ್ ಸ್ವಲ್ಪ ಹಿಂದಕ್ಕ ತಳ್ತೈತಿ. ನಾಕಿಂಗ್ ನಿಲ್ತೈತಿ. ಅದಕ್ಕ ಬೆಲೆ ಏನಂದ್ರ ಆ ಹೊತ್ತಿಗೆ ಪವರ್ ಸ್ವಲ್ಪ ಕಮ್ಮಿ, ಸೈಲೆನ್ಸರ್ ಕಡೆ ಬಿಸಿ ಜಾಸ್ತಿ, ಬಹಳ ಒತ್ತಿದ್ರ ತಂಪು ಮಾಡಾಕಂತ ಪೆಟ್ರೋಲೂ ಜಾಸ್ತಿ ಸುರೀತೈತಿ.

ಇದನ್ನ ಕಣ್ಣಾರೆ ನೋಡಿದ್ದು ಅರಬೈಲ್ ಘಾಟಿನ್ಯಾಗ. ಮೇ ತಿಂಗಳು, ಅಂಕೋಲಾ ಕಡೆಯಿಂದ ಯಲ್ಲಾಪುರಕ್ಕ ಹತ್ತೂದು, ಗಾಡ್ಯಾಗ ನಾಕು ಮಂದಿ, ಡಿಕ್ಕಿ ತುಂಬ ಲಗೇಜು, ಎಸಿ ಫುಲ್. ನಾ ಮುಂದಿನ ಸೀಟಿನ್ಯಾಗ ಇಸಿಯು ಲೆಕ್ಕ ಓದೂ ಸ್ಕ್ಯಾನರ್ ಹಚ್ಕೊಂಡು ಕುಂತಿದ್ದೆ. ಸಾದಾ ಪೆಟ್ರೋಲ್ ಇದ್ದಾಗ ಆಕ್ಸಲರೇಟರ್ ಒತ್ತಿದ ಕೂಡಲೆ ಒಂದೊಂದು ಸಿಲಿಂಡರಿಗೂ ಕಿಡಿ ಟೈಮಿಂಗ್ 4 ಡಿಗ್ರಿ, 5 ಡಿಗ್ರಿ ಹಿಂದ ಸರಿಯಾಕತ್ತಿತ್ತು, ಎರಡನೇ ಸಿಲಿಂಡರ್ ಒಮ್ಮೆ 6ಕ್ಕೂ ಹೋತು. ಮುಂದಿನ ಸಲ 95 ತುಂಬಿಸಿ ಅದೇ ತಿರುವು, ಅದೇ ಮಂದಿ, ಸ್ಕ್ಯಾನರ್‌ನ್ಯಾಗ 1, ಒಮ್ಮೊಮ್ಮೆ 2. ಗಾಡಿ ಹತ್ತೂ ರೀತಿನ ಬ್ಯಾರೆ ಆಗಿತ್ತು, ಡ್ರೈವರ್ ಗೇರ್ ಇಳಿಸೂ ಪ್ರಸಂಗ ಕಮ್ಮಿ ಬಂತು. ಆದ್ರ ಅದೇ ಗಾಡಿ ಯಲ್ಲಾಪುರ ದಾಟಿ ಕಲಘಟಗಿ ಕಡೆ ಸಪಾಟು ರೋಡಿನ್ಯಾಗ 80ಕ್ಕ ಹೊಂಟಾಗ ಎರಡೂ ಪೆಟ್ರೋಲಿನ್ಯಾಗ ಸ್ಕ್ಯಾನರ್ ಝೀರೊ ತೋರಸ್ತಿತ್ತು.

ಆ ಝೀರೊ ನೋಡಿದ್ರ ನಿಮ್ಮ ಪ್ರಶ್ನೆಗೆ ಉತ್ತರ ಸಿಗ್ತೈತಿ. ಗದಗ ರೋಡು ಸಪಾಟು. 80-90ರಾಗ ಒಂದೇ ಸಮ ಹೊಂಟಾಗ ನಿಮ್ಮ ಇಂಜಿನ್ ತನ್ನ ತಾಕತ್ತಿನ ಸಣ್ಣ ಪಾಲಷ್ಟ ಬಳಸ್ತೈತಿ, ಒಳಗಿನ ಒತ್ತಡ ಕಮ್ಮಿ, ನಾಕಿಂಗ್ ಆಗಾಕ ಕಾರಣನ ಇಲ್ಲ. ನಾಕಿಂಗ್ ಇಲ್ಲಂದ್ರ ಹೆಚ್ಚಿನ ಆಕ್ಟೇನಿಗೆ ಮಾಡಾಕ ಕೆಲಸ ಇಲ್ಲ. ಹಂಗಾಗಿ ಆ ರೋಡಿನ್ಯಾಗ ಪ್ರೀಮಿಯಂ 2.9 ಕಿಲೋಮೀಟರ್ ಹೆಚ್ಚಿಗೆ ಕೊಡೂದು ಆಗೂದಿಲ್ಲದ ಮಾತು.

ಹಂಗಂತ ಮೆಕ್ಯಾನಿಕ್ ಹೇಳಿದಂಗ "ಎಲ್ಲಾ ಒಂದೇ" ಅಂತನೂ ಅಲ್ಲ. ಅಮೆರಿಕದಾಗ ಎಎಎ ಅಂತ ವಾಹನ ಮಾಲೀಕರ ದೊಡ್ಡ ಸಂಸ್ಥೆ ಐತಿ. 2016ರಾಗ ಅವ್ರು ಸಾದಾ ಸಾಕು ಅಂತ ಕಂಪನಿನ ಹೇಳಿದ ಗಾಡಿಗಳಿಗೆ ಪ್ರೀಮಿಯಂ ಹಾಕಿ ನೋಡಿದ್ರು, ಏನೂ ಲಾಭ ಸಿಗ್ಲಿಲ್ಲ. 2017ರಾಗ "ಪ್ರೀಮಿಯಂ ಹಾಕಿದ್ರ ಚಲೋ, ಕಡ್ಡಾಯ ಅಲ್ಲ" ಅಂತ ಇರೋ ಗಾಡಿಗಳಿಗೆ ಹಾಕಿ ನೋಡಿದ್ರು, ಆಗ ಸರಾಸರಿ 2.7% ಮೈಲೇಜ್, 1.4% ಪವರ್ ಹೆಚ್ಚಾತು. ಅಂದ್ರ ಲಾಭ ಐತಿ, ಆದ್ರ ಸಣ್ಣದು.

ಈ 2.7 ನಿಮಗೂ ಸಿಗ್ತೈತಿ ಅಂತ ಇಟ್ಕೊಂಡು ನಿಮ್ಮ ರೊಕ್ಕದ ಲೆಕ್ಕ ಮಾಡೋಣ. ತಿಂಗಳಿಗೆ 1,500 ಕಿಲೋಮೀಟರ್, ಮೈಲೇಜ್ 13. ಸಾದಾದಾಗ 115 ಲೀಟರ್ ಚಿಲ್ಲರೆ, 103ರ ಲೆಕ್ಕಕ್ಕ ಸುಮಾರು 11,890 ರೂಪಾಯಿ. ಪ್ರೀಮಿಯಂನ್ಯಾಗ ಮೈಲೇಜ್ 13.35 ಆದ್ರ 112 ಲೀಟರ್ ಚಿಲ್ಲರೆ, 110ರ ಲೆಕ್ಕಕ್ಕ ಸುಮಾರು 12,360. ಉಳಿತಾಯ ಅಂತೂ ಇಲ್ಲ, ತಿಂಗಳಿಗೆ 470-480 ಮ್ಯಾಲೆ ಬೀಳ್ತೈತಿ. 7 ರೂಪಾಯಿ ಹೆಚ್ಚಿನ ರೇಟ್ ಹೊಂದಬೇಕಂದ್ರ ಮೈಲೇಜ್ 13ರಿಂದ 13.9ಕ್ಕ ಏರಬೇಕು, ಅದೂ ತಿಂಗಳು ಪೂರ್ತಿ. ಅಷ್ಟು ನಾ ಯಾವ ಗಾಡ್ಯಾಗೂ ನೋಡಿಲ್ಲ. ಮೈಲೇಜಿಗಂತ ಪ್ರೀಮಿಯಂ ಹಾಕಸ್ಬ್ಯಾಡ್ರಿ, ಇಂಜಿನ್ನಿಗೆ ಬೇಕಿದ್ರ ಹಾಕಸ್ರಿ.

ಬೇಕೋ ಬ್ಯಾಡೋ ಅನ್ನೂದು ಹೇಳಾವ ಅಳಿಯಾನೂ ಅಲ್ಲ, ನಾನೂ ಅಲ್ಲ, ಪೆಟ್ರೋಲ್ ಹಾಕೂ ಮುಚ್ಚಳದ ಒಳಗಿನ ಸ್ಟಿಕ್ಕರ್. ಅಲ್ಲಿ ಏನ್ ಬರದಾರ ಅಂತ ನೀವು ತಿಳಿಸಿಲ್ಲ. ಕನಿಷ್ಠ 91 ಅಂತ ಇದ್ರ, ಇಲ್ಲಾ 95/91 ಅಂತ ಎರಡು ನಂಬರ್ ಇದ್ರ, ಕಂಪನಿನ ಸಾದಾಕ್ಕ ಒಪ್ಪಿಗಿ ಕೊಟ್ಟೈತಿ ಅಂತ ಅರ್ಥ, 95 ಹಾಕಿದ್ರ ಪೂರ್ತಿ ಪವರ್, 91 ಹಾಕಿದ್ರ ಸ್ವಲ್ಪ ಕಮ್ಮಿ, ಇಂಜಿನ್ನಿಗೆ ಧಕ್ಕಿ ಇಲ್ಲ. ಬರೇ ಕನಿಷ್ಠ 95 ಅಂತ ಇದ್ರ ಮಾತ್ರ ಅಳಿಯನ ಮಾತು ಕೇಳ್ರಿ. ಆಗ ಸಾದಾ ಹಾಕೂದು ಬ್ಯಾರೆ ದಾರಿ ಇಲ್ಲದಾಗಷ್ಟ, ಮತ್ತ ಆ ಟ್ಯಾಂಕ್ ಮುಗಿಯೂತನಕ ಆಕ್ಸಲರೇಟರ್ ಮೆತ್ತಗ. ಎರಡೂ ಕಲಸಿದ್ರ ಏನೂ ಆಗೂದಿಲ್ಲ, ಅರ್ಧ 91 ಅರ್ಧ 95 ಹಾಕಿದ್ರ 93ರ ಸುಮಾರು ಆಗ್ತೈತಿ. ಒಮ್ಮೆ ಪ್ರೀಮಿಯಂ ಹಾಕಿದ್ರ ಹೊಳ್ಳಿ ಸಾದಾಕ್ಕ ಬರಾಕಾಗೂದಿಲ್ಲ ಅನ್ನೂದೂ ಸುಳ್ಳು, ಇಸಿಯು ಸ್ವಲ್ಪ ದೂರ ಓಡೂದ್ರಾಗ ಹೊಸ ಪೆಟ್ರೋಲಿಗೆ ಹೊಂದ್ಕೊಂತೈತಿ.

ಇನ್ನ ಎಥನಾಲ್. ಇದ್ರ ಬಗ್ಗೆ ಮಂದಿಗೆ ಬಹಳ ಸಿಟ್ಟೈತಿ, ಅರ್ಧ ಖರೇ ಸಿಟ್ಟು, ಅರ್ಧ ತಪ್ಪು ತಿಳುವಳಿಕಿ. 2020ರ ಏಪ್ರಿಲ್ 1ಕ್ಕ ಬಿಎಸ್-6 ಹೊಗಿ ನಿಯಮ ಬಂದಾಗ ಸಾದಾ ಪೆಟ್ರೋಲಿನ ಕನಿಷ್ಠ ಆಕ್ಟೇನ್ 91 ಇತ್ತು. ಎಥನಾಲಿನ ಆಕ್ಟೇನ್ 108ರ ಮ್ಯಾಲೆ ಐತಿ, ಹಂಗಾಗಿ 20% ಕಲಸಿದ್ರ ಸಾದಾ ಪೆಟ್ರೋಲಿನ ಆಕ್ಟೇನೂ ಮ್ಯಾಲೆ ಏರ್ತೈತಿ. ಇ20, ಅಂದ್ರ ಹಂಗ 20% ಕಲಸಿದ್ದು, ಅದು 95ರ ಹತ್ರ ಐತಿ ಅಂತ ಪೆಟ್ರೋಲಿಯಂ ಸಚಿವಾಲಯನ 2025ರ ಆಗಸ್ಟಿನ್ಯಾಗ ಹೇಳ್ತು. ಇದರರ್ಥ ಏನಂದ್ರ, ನಾ ಅರಬೈಲಿನ್ಯಾಗ ನೋಡಿದಾಗ ಆ 4-5 ಡಿಗ್ರಿ ಹಿಂದ ಸರಿದದ್ದು ಎಥನಾಲ್ ಕಮ್ಮಿ ಇದ್ದ ಕಾಲದ್ದು. ಈಗ ಸಾದಾಕ್ಕೂ 95ರ ಪ್ರೀಮಿಯಂಗೂ ಇರೋ ಅಂತರ ಸಣ್ಣದಾಗೈತಿ, ಅಂದ್ರ ಪ್ರೀಮಿಯಂಗೆ ರೊಕ್ಕ ಕೊಡಾಕ ಕಾರಣ ಮೊದಲಿಗಿಂತ ಕಮ್ಮಿ.

ಆದ್ರ ಎಥನಾಲಿನ್ಯಾಗ ಒಂದು ಲೀಟರಿಗೆ ಇರೋ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಮ್ಮಿ. 20% ಕಲಸಿದ ಮ್ಯಾಲೆ ಎಥನಾಲ್ ಇಲ್ಲದ ಪೆಟ್ರೋಲಿಗೆ ಹೋಲಿಸಿದ್ರ ಲೀಟರಿಗೆ 6-7% ಶಕ್ತಿ ಹೋತು ಅಂತ ತಿಳೀರಿ, 10% ಇದ್ದ ಕಾಲಕ್ಕ ಹೋಲಿಸಿದ್ರ ಮೂರ್ನಾಲ್ಕು. ಹಳೇ ಗಾಡಿಯವ್ರು "ಮೊದಲಿನ ಮೈಲೇಜ್ ಇಲ್ಲ" ಅನ್ನೂದು ಇದಕ್ಕ, ಅವರ ಮಾತು ಸುಳ್ಳಲ್ಲ. ಆದ್ರ 95ರ ಪ್ರೀಮಿಯಂ ಇದಕ್ಕ ಔಷಧ ಅಲ್ಲ, ಅದರಾಗೂ ಎಥನಾಲ್ ಇರ್ತೈತಿ. "ಪ್ರೀಮಿಯಂ ಅಂದ್ರ ಚೊಕ್ಕ ಪೆಟ್ರೋಲ್" ಅನ್ನೂ ಲೆಕ್ಕದಾಗ ಅಳಿಯ ಹೇಳಿದ್ರ ಅದು ತಪ್ಪು.

ನಿಮ್ಮ ಗಾಡಿ 2018ರದ್ದು, ಇ20 ನಿಯಮ ಬರೂಕಿಂತ ಮೊದಲಿಂದು. ನಾ ಕಾಳಜಿ ಮಾಡೂದು ಆಕ್ಟೇನ್ ಬಗ್ಗೆ ಅಲ್ಲ, ರಬ್ಬರ್ ಪೈಪು, ಸೀಲುಗಳ ಬಗ್ಗೆ, ಮತ್ತ ಗಾಡಿ ನಿಲ್ಲಿಸಿ ಇಡೂದ್ರ ಬಗ್ಗೆ. ಎಥನಾಲ್ ನೀರು ಎಳ್ಕೊಂತೈತಿ. ಎರಡು ಮಳಿಗಾಲದ ಹಿಂದ ಹಾವೇರಿ ಕಡೆ ಒಂದು ದೊಡ್ಡ ಸೆಡಾನ್ ಟೋಯಿಂಗ್ ಮ್ಯಾಲೆ ಬಂತು, ಮಾಲೀಕರು ಮಗನ ಹತ್ರ ಫಾರಿನ್ನಿಗೆ ಹೋಗಿ ಮೂರು ತಿಂಗಳು ಗಾಡಿ ಮುಟ್ಟಿರಲಿಲ್ಲ, ಟ್ಯಾಂಕಿನ್ಯಾಗ ಕಾಲು ಭಾಗ ಪೆಟ್ರೋಲ್. ಅದನ್ನ ತಗದು ಗಾಜಿನ ಬಾಟ್ಲಿದಾಗ ಹಾಕಿ ಕಿಟಕಿಗೆ ಇಟ್ಟೆ. ಹತ್ತು ನಿಮಿಷದಾಗ ಕೆಳಗ ಎರಡು ಬಟ್ಟಿನಷ್ಟು ತಿಳಿ ನೀರಿನಂಥ ಪದರ, ಮ್ಯಾಲೆ ಹಳದಿ ಪೆಟ್ರೋಲ್, ನಡುವ ಗೆರಿ ಎಳದಂಗ. ಪಂಪ್ ಕೆಳಗಿಂದ ಎಳೀತೈತಿ, ಅಂದ್ರ ಇಂಜಿನ್ನಿಗೆ ಮೊದಲು ಸಿಕ್ಕಿದ್ದ ಆ ನೀರು. ಅವರಿಗೆ ಆ ಬಾಟ್ಲಿ ಕೈಯಾಗ ಕೊಟ್ಟು ತೋರಿಸಿದೆ, ಬಹಳ ಹೊತ್ತು ಬೆಳಕಿಗೆ ಹಿಡದು ನೋಡಿದ್ರು. ನೀವು ಊರು ಬಿಟ್ಟು ತಿಂಗಳುಗಟ್ಲೆ ಹೋಗೂದಿದ್ರ ಟ್ಯಾಂಕ್ ಫುಲ್ ಮಾಡಿ ಹೋಗ್ರಿ, ಒಳಗ ಖಾಲಿ ಜಾಗ ಕಮ್ಮಿ ಇದ್ದಷ್ಟು ತೇವದ ಗಾಳಿ ಕಮ್ಮಿ. ಮುಂದಿನ ಸರ್ವಿಸಿನ್ಯಾಗ ಪೆಟ್ರೋಲ್ ಪೈಪು, ಜಾಯಿಂಟು, ಪಂಪಿನ ಸೀಲು ಒಮ್ಮೆ ಕೈಯಿಂದ ಮುಟ್ಟಿ ನೋಡಾಕ ಹೇಳ್ರಿ, ಪೆಟ್ರೋಲ್ ವಾಸನಿ ಬಂದ್ರ ಒಂದಿನಾನೂ ತಡ ಮಾಡಬ್ಯಾಡ್ರಿ.

ಪ್ರೀಮಿಯಂ ಇಂಜಿನ್ ಸ್ವಚ್ಛ ಮಾಡ್ತೈತಿ ಅಂತಾರಲ್ಲ, ಅದರಾಗ ಕ್ಲೀನಿಂಗ್ ಕೆಮಿಕಲ್ ಹೆಚ್ಚಿಗೆ ಇರೂದು ಖರೇ, ಇಂಜೆಕ್ಟರ್ ಬಾಯಿಗೆ ಅದರಿಂದ ಉಪಯೋಗ ಐತಿ. ಆದ್ರ ನಿಮ್ಮದು ಡೈರೆಕ್ಟ್ ಇಂಜೆಕ್ಷನ್, ಪೆಟ್ರೋಲ್ ನೇರ ಸಿಲಿಂಡರಿನೊಳಗ ಬೀಳ್ತೈತಿ, ಗಾಳಿ ಒಳಗ ಬಿಡೂ ಇನ್ಟೇಕ್ ವಾಲ್ವಿನ ಬೆನ್ನಿಗೆ ಮುಟ್ಟೂದ ಇಲ್ಲ. ಅಲ್ಲಿ ಕುಂತ ಕಾರ್ಬನ್ನು ಯಾವ ಪೆಟ್ರೋಲಿಗೂ ತೊಳಿಯೂದಿಲ್ಲ. 61 ಸಾವಿರ ಆಗೈತಿ, ಮುಂಜಾನೆ ಚಾಲೂ ಮಾಡಿದ ಕೂಡಲೆ ಇಂಜಿನ್ ನಡಗೂದು, ಪಿಕಪ್ ಮಂದ ಆಗೂದು ಇದ್ರ ಒಳಗ ಕ್ಯಾಮೆರಾ ಹಾಕಿ ನೋಡಿಸ್ರಿ. ಏನೂ ತ್ರಾಸ ಇಲ್ಲಂದ್ರ ಸುಮ್ನ ಬಿಚ್ಚಸ್ಬ್ಯಾಡ್ರಿ.

ಹಂಗಾದ್ರ ನಾ ನಿಮ್ಮ ಜಾಗದಾಗ ಇದ್ರ ಏನ್ ಮಾಡ್ತಿದ್ದೆ? ಸ್ಟಿಕ್ಕರಿನ್ಯಾಗ 91ಕ್ಕ ಒಪ್ಪಿಗಿ ಇದ್ರ ಗದಗ-ಹುಬ್ಬಳ್ಳಿ ದಿನದ ಓಡಾಟಕ್ಕ ಸಾದಾನೇ. ಮಾರ್ಚಿನಿಂದ ಮೇ ತನಕ ಬಿಸಿಲು ನೆತ್ತಿಗೆ ಬಂದಾಗ, ಫ್ಯಾಮಿಲಿ ತುಂಬ್ಕೊಂಡು ಘಾಟು ಹತ್ತೂದಿದ್ದಾಗ, ಅಷ್ಟು ಟ್ಯಾಂಕ್ ಮಾತ್ರ 95. ಒಳಗ ಹೋಗೂ ಗಾಳಿ ಕಾದಷ್ಟು ನಾಕಿಂಗ್ ಲಗೂನ ಬರ್ತೈತಿ, ಹಂಗಾಗಿ ಬ್ಯಾಸಗಿ ಲೆಕ್ಕ ಬ್ಯಾರೆ. ಮತ್ತ ಕಮ್ಮಿ ಆರ್‌ಪಿಎಂನ್ಯಾಗ ಒಮ್ಮೆಲೆ ಪೂರ್ತಿ ಒತ್ತೂದು ಸಣ್ಣ ಟರ್ಬೊ ಇಂಜಿನ್ನಿಗೆ ಚಲೋ ಅಲ್ಲ, ಗೇರ್ ಇಳೀಲಿ, ಆಮ್ಯಾಲೆ ಒತ್ರಿ. ಆಯಿಲ್ ಕಂಪನಿ ಹೇಳಿದ ಗ್ರೇಡಿಂದ ಹಾಕಸ್ರಿ, ಅದರಾಗ 300-400 ಉಳಸಾಕ ಹೋಗಬ್ಯಾಡ್ರಿ.

ಮೈಲೇಜ್ ಬೇಕಂದ್ರ ಮೊದಲು ಟೈರಿನ ಹವಾ ನೋಡ್ರಿ, ತಣ್ಣಗಿದ್ದಾಗ, ಬಾಗಿಲ ಪಟ್ಟಿ ಮ್ಯಾಲಿನ ನಂಬರಿಗೆ. ನಮ್ಮ ಗ್ಯಾರೇಜಿಗೆ ಬರೋ ಅರ್ಧಕ್ಕರ್ಧ ಗಾಡ್ಯಾಗ ಹವಾ ಕಮ್ಮಿ ಇರ್ತೈತಿ. ಏರ್ ಫಿಲ್ಟರ್ ನಮ್ಮ ಕಡೆ ಧೂಳಿಗೆ ಪುಸ್ತಕದಾಗ ಬರದಷ್ಟು ದಿನ ಬಾಳೂದಿಲ್ಲ. ಇನ್ನ 90ರಾಗ ಹೋಗೂದು 110ರಾಗ ಹೋಗೂದಕ್ಕ ಎಷ್ಟು ಫರಕ್ ಅಂತ ಮ್ಯಾಲಿನ ಗಾಳಿ ಲೆಕ್ಕದಾಗ ನಿಮಗ ಗೊತ್ತಾಗೇತಿ.

ಖರೇ ನೋಡಬೇಕಂದ್ರ ಹಿಂಗ ಮಾಡ್ರಿ. ಒಂದೇ ಬಂಕು, ಒಂದೇ ಪಂಪು, ನಾಜಲ್ ತಾನ ಕಟ್ ಆಗೂತನಕ ಫುಲ್, ಮ್ಯಾಲೆ ಮತ್ತ ತುರುಕಬಾರ್ದು. ಮೀಟರ್ ತೋರಿಸೂ ಮೈಲೇಜ್ ಬಿಟ್ಟುಬಿಡ್ರಿ, ಅದು ಬಹಳ ಸಲ ಸ್ವಲ್ಪ ಹೆಚ್ಚಿಗೆ ಹೇಳ್ತೈತಿ, ಕಿಲೋಮೀಟರ್ ಮತ್ತ ಬಿಲ್ಲಿನ ಲೀಟರ್ ಬರದಿಡ್ರಿ. ಪ್ರತಿ ಸಲ ಹೋಗಿ-ಬರೋ ಎರಡೂ ಕೂಡಿ ಕಮ್ಮಿ ಅಂದ್ರ 400 ಕಿಲೋಮೀಟರ್. ಸಾದಾ ಮೂರು ಟ್ಯಾಂಕ್, ಆಮ್ಯಾಲೆ 95 ಮೂರು ಟ್ಯಾಂಕ್, ಪ್ರೀಮಿಯಂನ ಮೊದಲನೇ ಟ್ಯಾಂಕ್ ಲೆಕ್ಕಕ್ಕ ಹಿಡಿಬ್ಯಾಡ್ರಿ, ಅದು ಕಲಬೆರಕಿ ಇರ್ತೈತಿ. ದೀಪಾವಳಿ ಕಳದ ಮ್ಯಾಲೆ ಶುರು ಮಾಡ್ರಿ, ಅಷ್ಟೊತ್ತಿಗೆ ಪಡುವಣ ಗಾಳಿ ನಿಂತಿರ್ತೈತಿ. ಆ ಅಂಕಿ ಮತ್ತ ಮುಚ್ಚಳದ ಸ್ಟಿಕ್ಕರಿನ ಒಂದು ಫೋಟೊ ಕಳಸ್ರಿ, ಕುಂತು ನೋಡಿ ಮತ್ತ ಬರೀತೀನಿ.